ದ್ರಾಕ್ಷಾರಸವೆಂಬ ಹೆಸರಿನಲ್ಲಿ ಮನೆಗೆ ಬಂದ ಮದ್ಯ

ವಸಂತ ಋತುವು ಜೈನ ಶ್ರಾವಕನಿಗೆ ಪುಣ್ಯಪರ್ವಗಳ ಋತು. ಚೈತ್ರ ಶುಕ್ಲ ಪ್ರತಿಪದೆಯಂದು ಯುಗಾದಿ. ಅಲ್ಲಿಂದ ಹದಿಮೂರನೆಯ ದಿನ ಭಗವಾನ್ ಮಹಾವೀರರ ಜನ್ಮಕಲ್ಯಾಣ. ವೈಶಾಖ ಶುಕ್ಲ ತದಿಗೆಯಂದು ಅಕ್ಷಯತೃತೀಯೆ. ಈ ಕೊನೆಯ ಪರ್ವದ ಕಥೆಯನ್ನು ಅರಿಯದ ಜೈನ ಬಾಲಕನಿಲ್ಲ. ದೀಕ್ಷೆಯನ್ನು ಕೈಕೊಂಡ ಆದಿನಾಥ ಸ್ವಾಮಿಗೆ ಮುನಿಗೆ ಆಹಾರವಿಕ್ಕುವ ವಿಧಿಯನ್ನು ಬಲ್ಲವರು ಲೋಕದಲ್ಲಿ ಯಾರೂ ಇರಲಿಲ್ಲ. ಜನರು ರತ್ನಗಳನ್ನು ತಂದರು, ಆನೆ ಕುದುರೆಗಳನ್ನು ತಂದರು, ಒಂದು ತುತ್ತು ಅನ್ನವನ್ನು ಮಾತ್ರ ತರಲಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ಕುಮಾರನು ಜಾತಿಸ್ಮರಣೆಯಿಂದ ವಿಧಿಯನ್ನರಿತು ಸ್ವಾಮಿಯ ಕರಪಾತ್ರಕ್ಕೆ ಇಕ್ಷುರಸವನ್ನು ಎರೆದನು. ಈ ಯುಗದ ಮೊದಲ ಆಹಾರದಾನವು ವಸಂತದಲ್ಲಿ ನಡೆಯಿತು. ಅದು ಒಂದು ಪಾನೀಯದ ದಾನವಾಗಿತ್ತು. ಆ ಪಾನೀಯವು ಆಗತಾನೆ ಹಿಂಡಿದ ಕಬ್ಬಿನ ಹಾಲಾಗಿತ್ತು.

ಇಂದು ಅದೇ ಋತುವಿನಲ್ಲಿ ಮತ್ತೊಂದು ರಸವು ಜೈನರ ಊಟದ ಮೇಜನ್ನು ಸಮೀಪಿಸುತ್ತಿದೆ. ಅದು ಗುಡಿಸಲ ಸಾರಾಯಿಯಂತೆ ಹಿತ್ತಲ ಬಾಗಿಲಿನಿಂದ ಬರುತ್ತಿಲ್ಲ. ಮುಂಬಾಗಿಲಿನಿಂದ, ಕಾಣಿಕೆಯ ಪೆಟ್ಟಿಗೆಯಲ್ಲಿ, ಸಂಸ್ಕೃತಿಯೆಂಬ ಬಿರುದನ್ನು ಹೊತ್ತು ಬರುತ್ತಿದೆ. ಮನೆಯಲ್ಲಿಯೇ ಅಡುಗೆ ಮಾಡಿ, ಋತುವಿನ ತರಕಾರಿಗಳನ್ನು ಬಡಿಸಿ, ಪ್ರತಿಯೊಂದು ಭಕ್ಷ್ಯಕ್ಕೂ ತಕ್ಕ ವೈನನ್ನು ಆರಿಸಿ, ಅದರ ಬಣ್ಣ, ಗಂಧ, ರುಚಿಗಳಿಗೆ ಅಂಕಗಳನ್ನು ಕೊಡುವುದು ಪಶ್ಚಿಮ ದೇಶಗಳಲ್ಲಿ ಸುಸಂಸ್ಕೃತ ಗೃಹಸ್ಥನ ಲಕ್ಷಣವೆನಿಸಿದೆ. ಉದ್ಯೋಗಕ್ಕಾಗಿ ಆ ದೇಶಗಳಿಗೆ ಹೋದ ಜೈನ ತರುಣರು ಅದನ್ನು ಅಲ್ಲಿ ಕಾಣುತ್ತಾರೆ. ಬೆಂಗಳೂರಿನಲ್ಲಿರುವವರು ಅದನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟಗಳು ಒಂದು ಗಂಟೆಯ ಹಾದಿ. "ಮಾಂಸವನ್ನು ತಿನ್ನುವುದಿಲ್ಲ, ಸಾರಾಯಿಯನ್ನು ಮುಟ್ಟುವುದಿಲ್ಲ, ಇದು ಕೇವಲ ದ್ರಾಕ್ಷಿಯ ರಸವಲ್ಲವೇ?" ಎಂಬ ಪ್ರಶ್ನೆಯು ಈಗ ಮನೆಮನೆಯಲ್ಲಿ ಹಿರಿಯರ ಮುಂದೆ ಬಂದು ನಿಂತಿದೆ. ಬಹುಮಂದಿ ಹಿರಿಯರು "ಅದು ನಿಷಿದ್ಧ" ಎಂದಷ್ಟೇ ಹೇಳಿ ಮುಖ ತಿರುಗಿಸುತ್ತಾರೆ. ಕಾರಣವನ್ನು ಕೇಳಿದ ಮಗನಿಗೆ ಕಾರಣವನ್ನು ಹೇಳದಿರುವುದು ನಿಷೇಧವನ್ನು ಸಡಿಲಿಸುವ ಅತ್ಯಂತ ಸುಲಭವಾದ ಮಾರ್ಗ. ಆದುದರಿಂದ ವೈನಿನ ಪರವಾಗಿ ಹೇಳಲಾಗುವ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುವುದು ಅವಶ್ಯ.

ಮೊದಲನೆಯ ವಾದವು ಹೆಸರಿನಲ್ಲಿಯೇ ಅಡಗಿದೆ. ಕನ್ನಡದಲ್ಲಿ ವೈನಿಗೆ ದ್ರಾಕ್ಷಾರಸವೆಂಬ ಹೆಸರು ರೂಢಿಯಾಗಿದೆ. ಸರ್ಕಾರದ ಮಂಡಳಿಯ ಹೆಸರಿನಲ್ಲಿಯೂ ಅದೇ ಶಬ್ದವಿದೆ. ಆದರೆ ದ್ರಾಕ್ಷಿಯ ರಸವು ಬೇರೆ, ವೈನು ಬೇರೆ. ಹಿಂಡಿದ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ತಿಂದು ಮದ್ಯಸಾರವನ್ನೂ ಅಂಗಾರಾಮ್ಲ ವಾಯುವನ್ನೂ ಹೊರಬಿಡುತ್ತವೆ. ಒಂದು ಲೀಟರು ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ ಹುಟ್ಟುತ್ತದೆ. ಸಾಮಾನ್ಯ ವೈನಿನಲ್ಲಿ ಅದು ಶೇಕಡಾ 12ರಿಂದ 14ರವರೆಗೆ ಇರುತ್ತದೆ. 150 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 14 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಈ ಮದ್ಯಸಾರವು ಸಾರಾಯಿಯಲ್ಲಿರುವ ಮದ್ಯಸಾರಕ್ಕಿಂತ ಒಂದು ಅಣುವಿನಷ್ಟೂ ಭಿನ್ನವಲ್ಲ. ಹಾಲನ್ನು ಹೆಪ್ಪುಹಾಕಿದ ಮೇಲೆ ಅದನ್ನು ಹಾಲೆಂದು ಕರೆಯುವವರಿಲ್ಲ. ಹುದುಗಿದ ರಸವನ್ನು ಮಾತ್ರ ರಸವೆಂದೇ ಕರೆಯುವುದೇಕೆ?

ಹೆಸರಿನ ಈ ಮೃದುತ್ವದ ಹಿಂದೆ ಒಂದು ಸಾಮಾಜಿಕ ಅನ್ಯಾಯವೂ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯನ್ನು ನಿಷೇಧಿಸಲಾಯಿತು. ದ್ರಾಕ್ಷಿ ಸಂಸ್ಕರಣೆಗೆ ಮತ್ತು ವೈನಿಗೆ ಉತ್ತೇಜನ ಕೊಡುವ ನೀತಿಯೂ ಅದೇ 2007ರಲ್ಲಿ ರಾಜ್ಯಕ್ಕೆ ಬಂದಿತು. ಕೂಲಿಕಾರನ ಬಟ್ಟಲು ಅಪರಾಧವಾಯಿತು. ಶ್ರೀಮಂತನ ಬಟ್ಟಲು ಉದ್ಯಮವಾಯಿತು. ಮಾದಕ ಪಾನೀಯಗಳನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಹೇಳುವ ಸಂವಿಧಾನದ 47ನೆಯ ಅನುಚ್ಛೇದವು ಬಟ್ಟಲಿನ ಬೆಲೆಯನ್ನು ನೋಡಿ ಭೇದ ಮಾಡಿಲ್ಲ. ಜೈನ ಧರ್ಮಾಧಿಕಾರಿಗಳ ಆಶ್ರಯದಲ್ಲಿ ಧರ್ಮಸ್ಥಳದಿಂದ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಬಡ ಕೂಲಿಕಾರರು ಕುಟುಂಬದವರ ಮುಂದೆ ಕುಡಿತವನ್ನು ಬಿಡುವ ಸಂಕಲ್ಪ ಮಾಡುತ್ತಾರೆ. ಅಂತಹ ಶಿಬಿರಕ್ಕೆ ಧನವನ್ನು ಕೊಟ್ಟ ಶ್ರಾವಕನೇ ಅಂದು ರಾತ್ರಿ ತನ್ನ ಮನೆಯಲ್ಲಿ ಅತಿಥಿಗಳಿಗೆ ಶಿರಾಜ್ ವೈನಿನ ವಯಸ್ಸನ್ನು ವರ್ಣಿಸುವುದಾದರೆ, ಆ ದಾನಕ್ಕೆ ಯಾವ ಹೆಸರಿಡಬೇಕು?

ಎರಡನೆಯ ವಾದವು ಹೆಚ್ಚು ಸೂಕ್ಷ್ಮವಾದುದು. "ಇದು ಸಂಪೂರ್ಣ ಸಸ್ಯಮೂಲವಾದುದು, ಇದರಲ್ಲಿ ಹಿಂಸೆಯೆಲ್ಲಿದೆ?" ಎಂಬುದು ಆ ವಾದ. ವಸ್ತುಸ್ಥಿತಿಯನ್ನು ಬಲ್ಲವರು ಇಷ್ಟು ಧೈರ್ಯದಿಂದ ಮಾತನಾಡಲಾರರು. ವೈನನ್ನು ತಿಳಿಗೊಳಿಸಲು ಬಳಸುವ ಸಾಂಪ್ರದಾಯಿಕ ದ್ರವ್ಯಗಳಲ್ಲಿ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಇದೆ. ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದ ಜೆಲಟಿನ್ ಇದೆ. ಮೊಟ್ಟೆಯ ಬಿಳಿಯ ಲೋಳೆ ಇದೆ. ಫ್ರಾನ್ಸಿನ ಬೋರ್ಡೋ ಪ್ರಾಂತದ ಹೆಸರಾಂತ ಕೆಂಪು ವೈನುಗಳಿಗೆ ಮೊಟ್ಟೆಯ ಬಿಳಿಯನ್ನು ಸೇರಿಸುವುದು ಬಹುಕಾಲದ ಪದ್ಧತಿ. ಎತ್ತಿನ ಒಣಗಿಸಿದ ರಕ್ತವನ್ನು ಕೂಡ ಒಂದು ಕಾಲದಲ್ಲಿ ಬಳಸುತ್ತಿದ್ದರು. ಈ ದ್ರವ್ಯಗಳು ಕಲ್ಮಷದೊಡನೆ ತಳಕ್ಕೆ ಇಳಿಯುತ್ತವೆ. ಶೀಸೆಯಲ್ಲಿ ಕಾಣದಿರುವುದರಿಂದಲೇ ಕುಡಿಯುವವನಿಗೆ ಅವುಗಳ ಸುಳಿವು ಹತ್ತುವುದಿಲ್ಲ. ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದ ತಿಳಿಗೊಳಿಸಿದ ವೈನುಗಳೂ ಇವೆ, ನಿಜ. ಆದರೆ ಮೀನಿನ ಚೀಲವನ್ನು ಬಿಟ್ಟು ಮಣ್ಣನ್ನು ಬಳಸಿದ ಮಾತ್ರಕ್ಕೆ ಹಿಂಸೆಯು ಕೊನೆಗೊಳ್ಳುವುದಿಲ್ಲ.

ಮದ್ಯವು ಅಸಂಖ್ಯ ಜೀವಗಳ ಯೋನಿಸ್ಥಾನವೆಂದೂ, ಅದನ್ನು ಸೇವಿಸುವವನು ಆ ಜೀವಗಳ ಹಿಂಸೆಗೆ ಅವಶ್ಯವಾಗಿ ಭಾಗಿಯಾಗುತ್ತಾನೆಂದೂ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಧಿಸಿದ್ದಾರೆ. ಸೂಕ್ಷ್ಮದರ್ಶಕವೆಂಬ ಯಂತ್ರವೇ ಇಲ್ಲದ ಕಾಲದ ಮಾತು ಅದು. ಹುದುಗುವಿಕೆಯು ಜೀವಂತ ಯೀಸ್ಟುಗಳ ವ್ಯಾಪಾರವೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ತೋರಿಸಿಕೊಟ್ಟನು. ವೈನನ್ನು ಕುರಿತ ಅವನ ಗ್ರಂಥವು 1866ರಲ್ಲಿ ಹೊರಬಂದಿತು. ಹುದುಗುವಿಕೆ ಭರದಲ್ಲಿರುವಾಗ ಒಂದು ಮಿಲಿಲೀಟರು ರಸದಲ್ಲಿ ಯೀಸ್ಟ್ ಕೋಶಗಳ ಸಂಖ್ಯೆ ಹತ್ತು ಕೋಟಿಯವರೆಗೆ ಏರಬಲ್ಲದು. ಸಕ್ಕರೆ ತೀರಿ ಮದ್ಯಸಾರ ಹೆಚ್ಚಿದಂತೆ ಅವು ತಾವು ಹುಟ್ಟಿಸಿದ ವಿಷದಲ್ಲಿಯೇ ಸತ್ತು ತಳದಲ್ಲಿ ಗಷ್ಟಾಗಿ ನಿಲ್ಲುತ್ತವೆ. ಕೆಲವು ವೈನುಗಳನ್ನು ಆ ಮೃತಕೋಶಗಳ ಗಷ್ಟಿನ ಮೇಲೆಯೇ ತಿಂಗಳುಗಟ್ಟಲೆ ಇಟ್ಟು ಪಕ್ವಗೊಳಿಸುತ್ತಾರೆ. ಅದರಿಂದ ಬರುವ ರುಚಿಯನ್ನು ರಸಿಕರು ಮೆಚ್ಚುತ್ತಾರೆ. ಆಚಾರ್ಯರು ಜ್ಞಾನದಿಂದ ಕಂಡದ್ದನ್ನು ಪ್ರಯೋಗಶಾಲೆಯು ಎಣಿಸಿ ಹೇಳಿದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಅದನ್ನು ಮರೆಮಾಚುವುದು ಸಲ್ಲದು. "ಇಡ್ಲಿ ದೋಸೆಗಳ ಹಿಟ್ಟೂ ಹುದುಗುವುದಿಲ್ಲವೇ? ಮೊಸರಿನಲ್ಲಿ ಜೀವಿಗಳಿಲ್ಲವೇ?" ಎಂದು ತರುಣರು ಕೇಳುತ್ತಾರೆ. ಕೇಳಲೇಬೇಕು. ಇದಕ್ಕೆ ಉತ್ತರವು ಎರಡು ಬಗೆ. ಒಂದನೆಯದಾಗಿ, ಶ್ರಾವಕಾಚಾರವು ಆ ಪದಾರ್ಥಗಳಿಗೂ ಸಡಿಲವನ್ನು ಕೊಟ್ಟಿಲ್ಲ. ಮೊಸರಿಗೆ ಕಾಲಮರ್ಯಾದೆಯಿದೆ, ದ್ವಿದಳ ಧಾನ್ಯದೊಡನೆ ಹಸಿಯ ಮೊಸರನ್ನು ಬೆರೆಸಬಾರದೆಂಬ ನಿಯಮವಿದೆ, ಹುಳಿಬಂದ ಹಿಟ್ಟನ್ನು ವರ್ಜಿಸುವ ವ್ರತಿಗಳು ಇಂದಿಗೂ ಇದ್ದಾರೆ. ಆ ಮರ್ಯಾದೆಗಳನ್ನು ಮೀರಿದ ಮನೆಯು ಅದನ್ನು ತಿದ್ದಿಕೊಳ್ಳಬೇಕೇ ಹೊರತು ಒಂದು ದೋಷವನ್ನು ಮತ್ತೊಂದು ದೋಷಕ್ಕೆ ಸಾಕ್ಷಿಯಾಗಿ ನಿಲ್ಲಿಸಬಾರದು. ಎರಡನೆಯದು ಇನ್ನೂ ಮುಖ್ಯವಾದುದು. ಇಡ್ಲಿಯನ್ನು ತಿಂದವನು ತನ್ನನ್ನು ತಾನು ಮರೆಯುವುದಿಲ್ಲ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣವನ್ನು ಕಳೆಯುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಲಕ್ಷಣವನ್ನು ಹೇಳಿದರು. ಹಿಂಸೆಯ ಮೂಲವು ಪ್ರಮಾದ. ಉಳಿದ ಆಹಾರಗಳಲ್ಲಿ ಪ್ರಮಾದವು ತಿನ್ನುವವನ ದೌರ್ಬಲ್ಯದಿಂದ ಬರುತ್ತದೆ. ಮದ್ಯದಲ್ಲಿ ಅದು ಪದಾರ್ಥದಲ್ಲಿಯೇ ಇದೆ, ಅದಕ್ಕಾಗಿಯೇ ಅದನ್ನು ತಯಾರಿಸುತ್ತಾರೆ. ಆದುದರಿಂದಲೇ ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳೊಡನೆ ಮದ್ಯ ಮಾಂಸ ಮಧುಗಳ ತ್ಯಾಗವನ್ನು ಸೇರಿಸಿ ಅಷ್ಟಮೂಲಗುಣಗಳೆಂದರು. ಮೂಲಗುಣವು ಮನೆಯ ಅಡಿಗಲ್ಲು. ಅದನ್ನು ಕಿತ್ತ ಮೇಲೆ ಗೋಡೆಯ ಚಿತ್ರಗಳನ್ನು ಕುರಿತು ಮಾತನಾಡುವುದು ವ್ಯರ್ಥ.

ಮೂರನೆಯ ವಾದವು ಆರೋಗ್ಯದ್ದು. ಅದರ ಹುಟ್ಟನ್ನು ತಿಳಿದರೆ ಅದರ ಬಲವೂ ತಿಳಿಯುತ್ತದೆ. 1991ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ದೂರದರ್ಶನ ಕಾರ್ಯಕ್ರಮವು, ಕೊಬ್ಬನ್ನು ಹೇರಳವಾಗಿ ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆಯೆಂಬ ವಿಚಿತ್ರವನ್ನು ಎತ್ತಿ ಆಡಿ, ಕೆಂಪು ವೈನನ್ನು ಅದರ ಕಾರಣವೆಂದು ಸೂಚಿಸಿತು. ಮರುವರ್ಷ ಫ್ರೆಂಚ್ ವಿಜ್ಞಾನಿ ಸೆರ್ಜ್ ರೆನೋ ಅವರ ಪ್ರಬಂಧವು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಅಲ್ಲಿಂದ ಮುಂದೆ ದಿನಕ್ಕೊಂದು ಲೋಟ ವೈನು ಹೃದಯಕ್ಕೆ ಔಷಧವೆಂಬ ಮಾತು ಜಗತ್ತನ್ನೆಲ್ಲ ಸುತ್ತಿತು. ಆದರೆ ಅದಕ್ಕೂ ಮೊದಲೇ, 1988ರಲ್ಲಿ, ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯಪಾನೀಯಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತ್ತು. ಆ ಮಾತು ಅಷ್ಟಾಗಿ ಸುತ್ತಲಿಲ್ಲ. ಮದ್ಯದ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2019ರ ಒಂದೇ ವರ್ಷದಲ್ಲಿ ಮದ್ಯದಿಂದ ಜಗತ್ತಿನಲ್ಲಿ ಸತ್ತವರು ಸುಮಾರು 26 ಲಕ್ಷವೆಂಬುದು ಅದೇ ಸಂಸ್ಥೆಯ ಲೆಕ್ಕ. ದ್ರಾಕ್ಷಿಯ ಸಿಪ್ಪೆಯಲ್ಲಿ ಹಿತವಾದ ಅಂಶವಿದ್ದರೆ ದ್ರಾಕ್ಷಿಯನ್ನೇ ತಿನ್ನಬಹುದು. ಬೆಂಗಳೂರಿನ ಸುತ್ತಮುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತಿನ್ನಲು ಯಾವ ವೈದ್ಯನ ಚೀಟಿಯೂ ಬೇಕಾಗಿಲ್ಲ.

ಆಯುರ್ವೇದದಲ್ಲಿ ಆಸವ ಅರಿಷ್ಟಗಳಿವೆಯೆಂದು ಕೆಲವರು ಹೇಳುತ್ತಾರೆ. ರೋಗಿಯು ವೈದ್ಯನ ಮಾತಿನಂತೆ ಚಮಚದಲ್ಲಿ ಅಳೆದು ಕುಡಿಯುವುದಕ್ಕೂ ಆರೋಗ್ಯವಂತನು ವಿನೋದಕ್ಕಾಗಿ ಶೀಸೆಯನ್ನು ಬರಿದುಮಾಡುವುದಕ್ಕೂ ಇರುವ ಅಂತರವನ್ನು ಬದಿಗಿಟ್ಟರೂ, ಜೈನರಿಗೆ ತಮ್ಮದೇ ವೈದ್ಯಪರಂಪರೆಯಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಮದ್ಯ ಮಾಂಸ ಮಧುಗಳ ಹಂಗಿಲ್ಲದೆ ರಚಿಸಿದರು. ಔಷಧಕ್ಕೂ ಬೇಡವೆಂದವರ ಪರಂಪರೆಯವರು ಔತಣಕ್ಕೆ ಬೇಕೆನ್ನುವುದು ವಿಪರ್ಯಾಸ.

ನಾಲ್ಕನೆಯ ವಾದವು ಎಲ್ಲಕ್ಕಿಂತ ಮೋಹಕವಾದುದು: "ಇದು ಕುಡಿತವಲ್ಲ, ಕಲೆ." ಈ ವಾದಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಬೇಕು. ಯುರೋಪಿನ ದೀರ್ಘ ಚಳಿಗಾಲ ಮುಗಿದು ಏಪ್ರಿಲಿನಲ್ಲಿ ಮೊದಲ ಹಸಿರು ಕಾಣುವಾಗ ಅಲ್ಲಿನ ಗೃಹಿಣಿಯು ಎಳೆಯ ಬಟಾಣಿಯನ್ನೂ, ಶತಾವರಿಯ ಬಂಧುವಾದ ಆಸ್ಪರಾಗಸ್ ಕುಡಿಗಳನ್ನೂ, ಆರ್ಟಿಚೋಕ್ ಮೊಗ್ಗುಗಳನ್ನೂ ಬೇಯಿಸುತ್ತಾಳೆ. ಆಸ್ಪರಾಗಸ್ಸಿನ ಗಂಧಕಾಂಶಗಳು ಅನೇಕ ವೈನುಗಳ ರುಚಿಯನ್ನು ಕೆಡಿಸುತ್ತವೆ. ಆರ್ಟಿಚೋಕನ್ನು ತಿಂದ ಬಾಯಿಗೆ ಅದರಲ್ಲಿನ ಸೈನರಿನ್ ಎಂಬ ಅಂಶದಿಂದ ಮುಂದಿನ ಗುಟುಕು ಸಿಹಿಯಾಗಿ ತೋರುತ್ತದೆ. ಆದುದರಿಂದ ಅಲ್ಲಿನ ರಸಿಕರು ಲುವಾರ್ ಕಣಿವೆಯ ಸೊವಿನ್ಯೋಂ ಬ್ಲಾಂಕಿನಂತಹ ಹುಳಿಯುಳ್ಳ ಬಿಳಿಯ ವೈನನ್ನು ಆರಿಸುತ್ತಾರೆ. ಬಟ್ಟಲನ್ನು ಬಿಳಿಯ ಬಟ್ಟೆಯ ಮುಂದೆ ಹಿಡಿದು ಬಣ್ಣವನ್ನು ನೋಡುತ್ತಾರೆ. ತಿರುಗಿಸಿ ಗಂಧವನ್ನು ಆಘ್ರಾಣಿಸುತ್ತಾರೆ. ನಾಲಗೆಯ ಮೇಲೆ ಹೊರಳಿಸಿ ಹುಳಿ, ಒಗರು, ಉಳಿಯುವ ರುಚಿಗಳನ್ನು ಗುರುತಿಸಿ ಬರೆದಿಡುತ್ತಾರೆ. ಇದರಲ್ಲಿ ಅವಧಾನವಿದೆ, ಋತುವಿನ ಆದರವಿದೆ, ಅತಿಥಿಯ ಮೇಲಿನ ಪ್ರೀತಿಯಿದೆ. ಇವು ಸದ್ಗುಣಗಳೇ. ಆದರೆ ಈ ಸದ್ಗುಣಗಳಲ್ಲಿ ಯಾವುದಕ್ಕೂ ಮದ್ಯಸಾರವು ಬೇಕಾಗಿಲ್ಲ. ಅದೇ ವಸಂತದ ಊಟದಲ್ಲಿ ಎಳೆಯ ಕುರಿಮರಿಯ ಮಾಂಸವು ಕೆಂಪು ವೈನಿನ ಪ್ರಿಯಸಂಗಾತಿಯಾಗಿ ಬರುತ್ತದೆಯೆಂಬುದನ್ನೂ ಇಲ್ಲಿ ನೆನೆಯಬೇಕು. ಒಂದು ಪದ್ಧತಿಯನ್ನು ಎರವಲು ತರುವವನು ಅದರ ಅರ್ಧವನ್ನು ಮಾತ್ರ ತಂದಿದ್ದೇನೆಂದು ಸಮಾಧಾನಪಟ್ಟರೂ, ಉಳಿದ ಅರ್ಧವು ಅವನ ಮಕ್ಕಳ ಕಾಲಕ್ಕೆ ಬಾಗಿಲನ್ನು ತಟ್ಟದೆ ಬಿಡುವುದಿಲ್ಲ.

ವೈನಿನ ಪರೀಕ್ಷೆಯು ವಿರೋಧಿಯ ವಾದಕ್ಕೇ ಸಾಕ್ಷಿ ನುಡಿಯುತ್ತದೆ. ವೃತ್ತಿಪರನಾದ ಪರೀಕ್ಷಕನು ವೈನನ್ನು ಕುಡಿಯುವುದಿಲ್ಲ. ಬಾಯಲ್ಲಿ ಹೊರಳಿಸಿ ಪಕ್ಕದ ಪಾತ್ರೆಗೆ ಉಗುಳುತ್ತಾನೆ. ಏಕೆ? ನುಂಗಿದರೆ ವಿವೇಚನೆಯು ಕೆಡುವುದೆಂದು ಅವನು ಬಲ್ಲ. ಮದ್ಯವು ಬುದ್ಧಿಯನ್ನು ಮೋಹಗೊಳಿಸುತ್ತದೆಂದು ಆಚಾರ್ಯರು ಹೇಳಿದ್ದನ್ನು ಪ್ಯಾರಿಸ್ಸಿನ ಪರೀಕ್ಷಕನು ಪ್ರತಿಯೊಂದು ಗುಟುಕಿಗೂ ಉಗುಳಿ ಒಪ್ಪಿಕೊಳ್ಳುತ್ತಿದ್ದಾನೆ. ಅವನ ಅನುಕರಣೆಯಲ್ಲಿ ಮನೆಯಲ್ಲಿ ಅಂಕ ಕೊಡುವವರು ಮಾತ್ರ ಉಗುಳುವುದಿಲ್ಲ. ಐದು ಬಗೆಯ ವೈನಿನ ಪರೀಕ್ಷೆ ಮುಗಿಯುವ ವೇಳೆಗೆ ಪರೀಕ್ಷಿಸುವ ಬುದ್ಧಿಯೇ ಮೇಜಿನಿಂದ ಎದ್ದು ಹೋಗಿರುತ್ತದೆ.

ಆ ಅಂಕಗಳಾದರೂ ಎಷ್ಟು ಸತ್ಯ? ಬೋರ್ಡೋದ ವೈನ್ ವಿಜ್ಞಾನದ 54 ವಿದ್ಯಾರ್ಥಿಗಳಿಗೆ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ ಕೊಟ್ಟಾಗ ಅವರು ಕೆಂಪು ವೈನಿಗೆ ಸಲ್ಲುವ ಪದಗಳಿಂದಲೇ ಅದನ್ನು ವರ್ಣಿಸಿದರು. ಮೊರೊ, ಬ್ರೊಶೆ, ದುಬೂರ್ದಿಯೂ ಎಂಬ ಸಂಶೋಧಕರು 2001ರಲ್ಲಿ ಇದನ್ನು ಪ್ರಕಟಿಸಿದರು. ಕ್ಯಾಲಿಫೋರ್ನಿಯದ ರಾಜ್ಯ ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ಶೀಸೆಯ ವೈನನ್ನು ಅವರಿಗೆ ತಿಳಿಯದಂತೆ ಮೂರು ಬಾರಿ ಕೊಟ್ಟು ನೋಡಿದ ರಾಬರ್ಟ್ ಹಾಡ್ಜ್‌ಸನ್, ಮೂರು ಬಾರಿಯೂ ಹೆಚ್ಚುಕಡಿಮೆ ಒಂದೇ ತೀರ್ಪನ್ನು ಕೊಟ್ಟವರು ಸುಮಾರು ಶೇಕಡಾ 10 ಮಂದಿ ಮಾತ್ರವೆಂದು 2008ರಲ್ಲಿ ಬರೆದರು. ವರ್ಷಗಟ್ಟಲೆ ಅಭ್ಯಾಸ ಮಾಡಿದ ತೀರ್ಪುಗಾರರ ಸ್ಥಿತಿಯೇ ಹೀಗಿರುವಾಗ ಮನೆಯ ಮೇಜಿನ ಮೇಲೆ ಬೀಳುವ ಅಂಕಗಳು ಬಹುಮಟ್ಟಿಗೆ ಶೀಸೆಯ ಚೀಟಿಗೂ ಬೆಲೆಗೂ ಅತಿಥೇಯನ ಪ್ರತಿಷ್ಠೆಗೂ ಬೀಳುವ ಅಂಕಗಳು. ಜೈನ ಪರಿಭಾಷೆಯಲ್ಲಿ ಇದಕ್ಕೆ ಮಾನಕಷಾಯವೆಂದು ಹೆಸರು.

ಆಚಾರ್ಯರು ಪ್ರಮಾದದ ಭೇದಗಳನ್ನು ಹೇಳುವಾಗ ನಾಲ್ಕು ವಿಕಥೆಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಒಂದು ಭಕ್ತಕಥೆ, ಎಂದರೆ ಊಟದ ಪದಾರ್ಥಗಳನ್ನು ಕುರಿತ ನಿರರ್ಥಕವಾದ ಆಸಕ್ತಿಯ ಮಾತು. ಹಸಿದವನು ಅನ್ನವನ್ನು ಕೇಳುವುದು ವಿಕಥೆಯಲ್ಲ. ಉಂಡವರಿಗೆ ಬಡಿಸುವವಳು ಉಪ್ಪು ಸಾಲದೇ ಎಂದು ವಿಚಾರಿಸುವುದೂ ವಿಕಥೆಯಲ್ಲ. ಆದರೆ ಒಂದು ಗುಟುಕನ್ನು ನಾಲಗೆಯ ಮೇಲಿಟ್ಟು ಅದರ ನೆನಪು ಎಷ್ಟು ಕ್ಷಣ ಉಳಿಯಿತೆಂದು ಮೂರು ಗಂಟೆಗಳ ಕಾಲ ಚರ್ಚಿಸುವುದು ಭಕ್ತಕಥೆಯಲ್ಲದೆ ಮತ್ತೇನು? ರಸಗಳನ್ನು ಒಂದೊಂದಾಗಿ ಬಿಟ್ಟು ಉಣ್ಣುವ ರಸಪರಿತ್ಯಾಗವನ್ನು ಬಾಹ್ಯತಪಗಳಲ್ಲಿ ಒಂದಾಗಿ ಗೌರವಿಸುವ ಸಮಾಜವು ರಸಪರೀಕ್ಷೆಯನ್ನು ವಿದ್ಯೆಯೆಂದು ಗೌರವಿಸಲು ಹೊರಟರೆ ಅದರ ಮುಖವು ಯಾವ ದಿಕ್ಕಿಗೆ ತಿರುಗಿದೆಯೆಂದು ಕೇಳಬೇಕಾಗುತ್ತದೆ. ಆ ಔತಣವು ನಡೆಯುವುದೂ ಸೂರ್ಯನು ಮುಳುಗಿದ ಮೇಲೆ. ರಾತ್ರಿಭೋಜನತ್ಯಾಗವು ಮೊದಲು ಹೋಗುತ್ತದೆ. ಮದ್ಯತ್ಯಾಗವು ಅದರ ಬೆನ್ನ ಹಿಂದೆ ಹೋಗುತ್ತದೆ.

ಓದಿದವರು ಐದನೆಯ ವಾದವನ್ನು ತರುತ್ತಾರೆ. ಭೋಗಭೂಮಿಯ ಹತ್ತು ಕಲ್ಪವೃಕ್ಷಗಳಲ್ಲಿ ಮದ್ಯಾಂಗವೆಂಬ ವೃಕ್ಷವಿಲ್ಲವೇ, ಕನ್ನಡದ ಜೈನಕವಿಗಳು ವಸಂತವನ್ನೂ ಮಧುಪಾನವನ್ನೂ ವರ್ಣಿಸಿಲ್ಲವೇ ಎಂದು ಅವರು ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ಜಿನಸೇನಾಚಾರ್ಯರೇ ಮಹಾಪುರಾಣದಲ್ಲಿ ಉತ್ತರಿಸಿದ್ದಾರೆ: ಆ ವೃಕ್ಷಗಳ ರಸವನ್ನು ಮದ್ಯವೆನ್ನುವುದು ಉಪಚಾರದಿಂದ ಮಾತ್ರ, ಮದವೇರಿಸಿ ಅಂತಃಕರಣವನ್ನು ಮೋಹಗೊಳಿಸುವ ಲೋಕದ ಮದ್ಯವು ಆರ್ಯರಿಗೆ ಸರ್ವಥಾ ವರ್ಜ್ಯ. ಎರಡನೆಯದಕ್ಕೆ ಕಾವ್ಯಗಳೇ ಉತ್ತರ. ಅಷ್ಟಾದಶ ವರ್ಣನೆಗಳ ಕಟ್ಟಿನಲ್ಲಿ ಭೋಗವನ್ನು ತುಂಬಿ ತುಳುಕುವಂತೆ ವರ್ಣಿಸಿದ ಕವಿಯು ಅದನ್ನು ನೀಲಾಂಜನೆಯ ನೃತ್ಯದಂತೆ ಒಮ್ಮೆಲೆ ನಿಲ್ಲಿಸಿ ವೈರಾಗ್ಯದ ಬಾಗಿಲನ್ನು ತೆರೆಯುತ್ತಾನೆ. ಕಾವ್ಯದ ಮೊದಲರ್ಧವನ್ನು ಓದಿ ಪುಸ್ತಕವನ್ನು ಮುಚ್ಚುವವನಿಗೆ ಪಂಪನು ಸಾಕ್ಷಿಯಾಗಲಾರ. ಮದ್ಯದ ಪರಿಣಾಮವನ್ನು ಪುರಾಣದಲ್ಲಿಯೇ ನೋಡಬಯಸುವವರು ದ್ವಾರಾವತಿಯ ಕಥೆಯನ್ನು ಓದಬಹುದು. ಮತ್ತರಾದ ಯಾದವಕುಮಾರರು ದ್ವೀಪಾಯನ ಮುನಿಯನ್ನು ಹಿಂಸಿಸಿದರು. ಅವನ ಕೋಪಾಗ್ನಿಯಲ್ಲಿ ನಗರವೇ ಬೆಂದುಹೋಯಿತು. ನೇಮಿನಾಥ ತೀರ್ಥಂಕರರು ಮೊದಲೇ ಎಚ್ಚರಿಸಿದ್ದರು. ನಗರದ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಿಯೂ ಆಗಿತ್ತು. ಆದರೂ ಕಾಡಿನ ಹಳ್ಳದಲ್ಲಿ ನಿಂತ ಅದನ್ನು ನೀರೆಂದು ಬಗೆದು ಬಾಯಾರಿದ ಕುಮಾರರು ಕುಡಿದರು. ಮದ್ಯವನ್ನು ಬೇರೊಂದು ಹೆಸರಿನಿಂದ ಭಾವಿಸುವುದರ ಫಲವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಕಥೆಯಿಲ್ಲ.

ಕೊನೆಯದಾಗಿ ಉಳಿಯುವುದು ರಾಜಿಯ ವಾದ. "ಮದ್ಯಸಾರವನ್ನು ತೆಗೆದ ವೈನೂ ಈಗ ದೊರೆಯುತ್ತದೆ, ಬಟ್ಟಲೂ ಅದೇ, ಬಣ್ಣವೂ ಅದೇ, ದೋಷವಿಲ್ಲ" ಎಂಬುದು ಅದು. ಅಂತಹ ಪಾನೀಯವನ್ನು ಸಾಮಾನ್ಯವಾಗಿ ಮೊದಲು ಪೂರ್ತಿಯಾಗಿ ಹುದುಗಿಸಿ, ಅನಂತರ ಅದರಿಂದ ಮದ್ಯಸಾರವನ್ನು ಬೇರ್ಪಡಿಸುತ್ತಾರೆ. ಜೀವಹಿಂಸೆಯು ಆಗಲೇ ನಡೆದುಹೋಗಿರುತ್ತದೆ. ಅದಿರಲಿ; ಕನ್ನಡ ಜೈನರು ಈ ಪ್ರಶ್ನೆಯನ್ನು 1209ರಲ್ಲಿಯೇ ಕೇಳಿ ಉತ್ತರ ಪಡೆದಿದ್ದಾರೆ. ಜನ್ನನ ಯಶೋಧರ ಚರಿತೆಯಲ್ಲಿ ತಾಯಿ ಚಂದ್ರಮತಿಯು ಮಗನನ್ನು ಜೀವಬಲಿಗೆ ಒತ್ತಾಯಿಸುತ್ತಾಳೆ, ಮಗನು ಹಿಂಜರಿಯುತ್ತಾನೆ, ಕೊನೆಗೆ ಇಬ್ಬರೂ ಹಿಟ್ಟಿನ ಕೋಳಿಯೆಂಬ ರಾಜಿಗೆ ಒಪ್ಪುತ್ತಾರೆ. ಹಿಟ್ಟಿನ ಕೋಳಿಯಲ್ಲಿ ರಕ್ತವಿರಲಿಲ್ಲ. ಸಂಕಲ್ಪವಿತ್ತು. ಆ ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ನವಿಲಾಗಿ, ನಾಯಿಯಾಗಿ, ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಮದ್ಯಸಾರವಿಲ್ಲದ ವೈನು ಈ ಕಾಲದ ಹಿಟ್ಟಿನ ಕೋಳಿ. ಅದರಲ್ಲಿ ಮದವಿಲ್ಲದಿರಬಹುದು, ಮದ್ಯಪಾನಿಯಂತೆ ಕಾಣಬೇಕೆಂಬ ಬಯಕೆಯಿದೆ. ದ್ರಾಕ್ಷಿಯ ತಾಜಾ ರಸವನ್ನು ದ್ರಾಕ್ಷಿಯ ರಸವೆಂದೇ ಕುಡಿಯುವವನಿಗೆ ಆ ಬಯಕೆಯ ಕಾಟವಿಲ್ಲ.

ಇಷ್ಟನ್ನು ಹೇಳಿದ ಮೇಲೆ ತರುಣರನ್ನು ಮಾತ್ರ ನಿಂದಿಸಿ ನಿಲ್ಲುವುದು ಅನ್ಯಾಯವಾಗುತ್ತದೆ. ಸಪ್ತವ್ಯಸನಗಳ ಪಟ್ಟಿಯನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿಸಿ, ಊರ ಹೊರಗಿನ ಕ್ಲಬ್ಬಿನಲ್ಲಿ ವಿಸ್ಕಿಯನ್ನು ಹೀರುವ ಹಿರಿಯರಿಲ್ಲದ ಪಟ್ಟಣವಿಲ್ಲ. ಮಗನು ಮನೆಯಲ್ಲಿ ಬಹಿರಂಗವಾಗಿ ಮಾಡಬಯಸುವುದನ್ನು ತಂದೆಯು ಗುಟ್ಟಾಗಿ ಮಾಡುತ್ತಿದ್ದರೆ, ಇಬ್ಬರ ನಡುವೆ ಇರುವ ಭೇದವು ಪ್ರಾಮಾಣಿಕತೆಯದು, ಮತ್ತು ಅದು ಮಗನ ಪಾಲಿಗೆ ಬರುತ್ತದೆ. ಮನೆಯ ಊಟವು ನೀರಸವಾಗಿರುವುದೇ ಧರ್ಮವೆಂಬ ಭ್ರಾಂತಿಯನ್ನೂ ಬಿಡಬೇಕು. ವಸಂತದಲ್ಲಿ ಅತಿಥಿಯನ್ನು ಆದರಿಸುವ ಆಸೆಯಲ್ಲಿ ತಪ್ಪಿಲ್ಲ. ಮಾವಿನಕಾಯಿಯ ಚಿತ್ರಾನ್ನ, ಹೆಸರುಬೇಳೆಯ ಕೋಸಂಬರಿ, ಹೋಳಿಗೆಗಳ ಜೊತೆಗೆ ಬೆಲ್ಲ, ನಿಂಬೆ, ಏಲಕ್ಕಿ, ಮೆಣಸು, ಒಣಶುಂಠಿಗಳ ಪಾನಕವನ್ನು ಸೋಸಿದ ನೀರಿನಲ್ಲಿ ಮಾಡಿ ಕೊಟ್ಟರೆ ಯಾವ ಅತಿಥಿಯೂ ಬೇಸರಗೊಳ್ಳಲಾರ. ಕರಾವಳಿಯ ಬಸದಿಗಳ ಊರುಗಳಲ್ಲಿ ಪುನರ್ಪುಳಿಯ ಷರಬತ್ತಿದೆ. ಅದರ ಬಣ್ಣಕ್ಕೆ ಯಾವ ಕೆಂಪು ವೈನೂ ಸರಿಗಟ್ಟದು. ಇವುಗಳನ್ನು ಹಗಲಿನಲ್ಲಿ, ಸೂರ್ಯನು ಇರುವಾಗಲೇ, ಅದೇ ಅವಧಾನದಿಂದ, ಅದೇ ಅಂದವಾದ ಲೋಟಗಳಲ್ಲಿ ಕೊಡಲು ಯಾರ ಅಡ್ಡಿಯಿದೆ? ಅಮೆರಿಕದಲ್ಲಿಯೋ ಇಂಗ್ಲೆಂಡಿನಲ್ಲಿಯೋ ಸಹೋದ್ಯೋಗಿಗಳನ್ನು ಊಟಕ್ಕೆ ಕರೆದ ಜೈನ ದಂಪತಿಗಳು "ನಮ್ಮ ಮನೆಯಲ್ಲಿ ಮದ್ಯವಿಲ್ಲ" ಎಂದು ವಿನಯದಿಂದ ಹೇಳಿದರೆ ಅವರ ಗೌರವವು ಕುಂದುವುದಿಲ್ಲ. ತನ್ನ ನಿಯಮವನ್ನು ನಾಚದೆ ಹೇಳಬಲ್ಲವನನ್ನು ಪರದೇಶದವರು ಗೌರವದಿಂದಲೇ ಕಾಣುತ್ತಾರೆ.

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇದಕ್ಕಿಂತ ದೊಡ್ಡದು. ಸಮಾಜದ ಕಲ್ಯಾಣಮಂಟಪಗಳನ್ನು ಬಾಡಿಗೆಗೆ ಕೊಡುವಾಗ ಮಾಂಸವನ್ನು ನಿಷೇಧಿಸುವ ಕರಾರು ಇರುತ್ತದೆ; ವೈನನ್ನೂ ಹೆಸರಿಸಿ ನಿಷೇಧಿಸುವ ಮಾತು ಅದರಲ್ಲಿ ಇದೆಯೇ ಎಂದು ಪ್ರತಿಯೊಂದು ಮಂಡಳಿಯೂ ತನ್ನ ಕಾಗದಗಳನ್ನು ತೆರೆದು ನೋಡಲಿ. ಮದ್ಯವೆಂದರೆ ವೈನಲ್ಲವೆಂದು ವಾದಿಸುವ ಕಾಲ ಬಂದಿರುವುದರಿಂದ ಹೆಸರಿಸುವುದು ಅಗತ್ಯ. ಬಸದಿಯ ಜಮೀನನ್ನು ಗೇಣಿಗೆ ಕೊಟ್ಟಿದ್ದರೆ ಅಲ್ಲಿ ಬೆಳೆದ ದ್ರಾಕ್ಷಿಯು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಲಿ. ಆಶಾಧರ ಸೂರಿಗಳಂತಹ ಶ್ರಾವಕಾಚಾರಕಾರರು ಗೃಹಸ್ಥನಿಗೆ ಸಲ್ಲದ ಕ್ರೂರಕರ್ಮಗಳನ್ನು ಹೇಳುವಾಗ ಮದ್ಯಾದಿಗಳ ರಸವಾಣಿಜ್ಯವನ್ನೂ ಸೇರಿಸಿದ್ದಾರೆ. ಆ ವಾಣಿಜ್ಯದ ಹಣದಿಂದ ನಡೆಯುವ ಅಭಿಷೇಕದ ವಿಷಯದಲ್ಲಿ ಮಂಡಳಿಗಳು ತಮ್ಮ ಅಂತರಂಗವನ್ನು ಕೇಳಿಕೊಳ್ಳಲಿ. ದ್ರಾಕ್ಷಿಯ ಬೆಳೆಗಾರನಿಗೆ ಇದರಿಂದ ನಷ್ಟವಾಗಬೇಕಾಗಿಲ್ಲ. ತಿನ್ನುವ ದ್ರಾಕ್ಷಿಗೆ ಮಾರುಕಟ್ಟೆಯಿದೆ. ವಿಜಯಪುರದ ಕಡೆಯ ರೈತರು ಒಣದ್ರಾಕ್ಷಿಯನ್ನು ಮಾಡಿ ದೂರದ ಊರುಗಳಿಗೆ ಕಳುಹಿಸುತ್ತಲೇ ಇದ್ದಾರೆ. ಪಾಠಶಾಲೆಗಳು ಕೂಡ ಮೂಲಗುಣಗಳ ಹೆಸರುಗಳನ್ನು ಹೇಳಿಸಿ ಸುಮ್ಮನಾಗದೆ, ಹುದುಗುವಿಕೆಯ ವಿಜ್ಞಾನವನ್ನೂ ತಿಳಿಗೊಳಿಸುವ ದ್ರವ್ಯಗಳ ವಿವರವನ್ನೂ ಮಕ್ಕಳಿಗೆ ತಿಳಿಸಲಿ. ಕಾರಣವನ್ನು ಬಲ್ಲ ಮಗುವು ಪರವೂರಿನಲ್ಲಿಯೂ ನಿಯಮವನ್ನು ಕಾಯುತ್ತದೆ. ಭಯದಿಂದ ಒಪ್ಪಿದ ಮಗುವು ಊರ ಗಡಿಯನ್ನು ದಾಟುವವರೆಗೆ ಮಾತ್ರ.

ರಸವು ದೋಷವಲ್ಲ. ಅಕ್ಷಯತೃತೀಯೆಯಂದು ಶ್ರೇಯಾಂಸನು ಎರೆದದ್ದೂ ರಸವೇ. ಆ ಕಬ್ಬಿನ ಹಾಲನ್ನೇ ಹುದುಗಲು ಬಿಟ್ಟಿದ್ದರೆ ಅದು ಮದ್ಯವಾಗುತ್ತಿತ್ತು. ಆದಿಭಗವಂತನ ಕರಪಾತ್ರೆಯು ಅದಕ್ಕೆ ತೆರೆಯುತ್ತಿರಲಿಲ್ಲ. ಒಂದೇ ಕಬ್ಬು, ಒಂದೇ ದ್ರಾಕ್ಷಿ. ಹಿಂಡಿದ ದಿನ ಅದು ದಾನಕ್ಕೆ ಯೋಗ್ಯ, ಕೊಳೆಯಲು ಬಿಟ್ಟ ದಿನ ತ್ಯಾಗಕ್ಕೆ ಯೋಗ್ಯ. ಈ ವಿವೇಕವನ್ನು ಪೂರ್ವಜರು ಕಾಪಾಡಿಕೊಂಡು ಬಂದು ಇಂದಿನವರ ಕೈಗೆ ಒಪ್ಪಿಸಿದ್ದಾರೆ. ಬರುವ ವಸಂತದಲ್ಲಿ ಅತಿಥಿಯ ಮುಂದೆ ಯಾವ ರಸವನ್ನು ಇಡಬೇಕೆಂಬುದನ್ನು ಪ್ರತಿಯೊಂದು ಜೈನ ಗೃಹವೂ ಶ್ರೇಯಾಂಸನನ್ನು 기ನೆದು ನಿರ್ಧರಿಸಲಿ.